ಎಡಗಣ್ಣಿನ ಕೆಳಗಿನ ಮಚ್ಚೆ

ಟಚಿಂಗ್ ಮಾಸ್ತರ್ ಎಂದು ಬಸ್ ನಿಲ್ದಾಣದ ಬೀದಿಯಲ್ಲಿ ಎಲ್ಲರಿಗೂ ಗೊತ್ತಿರುವ, 57 ವರ್ಷ ವಯಸ್ಸಿನ, ಫೋಟೊ ಸ್ಟುಡಿಯೊ ನಡೆಸುವ ಮತ್ತು ಅದೇ ಕಟ್ಟಡದ ಮೊದಲ ಮಹಡಿಯಲ್ಲಿ ಹೆಂಡತಿಯೊಂದಿಗೆ ವಾಸವಾಗಿರುವ ನಾನು, ಈ ದಿನ ಗುರುವಾರ ಮಧ್ಯಾಹ್ನ 3.30 ಗಂಟೆಗೆ ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ಹೇಳಿ ಬರೆಸುವುದೇನೆಂದರೆ:

ನಾನು ಮೂವತ್ತೈದು ವರ್ಷಗಳಿಂದ ಫೋಟೊ ಟಚಿಂಗ್ ಕೆಲಸ ಮಾಡುತ್ತಿದ್ದೇನೆ. ಟಚಿಂಗ್ ಎಂದರೆ ಮುಖದ ಕಲೆ ತೆಗೆಯುವುದು, ಮುಚ್ಚಿದ ಕಣ್ಣು ತೆರೆಸುವುದು, ಕಪ್ಪು ಬಿಳುಪು ಚಿತ್ರಕ್ಕೆ ಬ್ರಷ್ಷಿನಲ್ಲಿ ಬಣ್ಣ ಹಾಕುವುದು. ಈಗ ಕಂಪ್ಯೂಟರಿನಲ್ಲಿ ಆಗುವ ಕೆಲಸವನ್ನೆಲ್ಲ ನನ್ನ ಹೆಂಡತಿಯ ತಮ್ಮ, ವಯಸ್ಸು 46, ನೋಡಿಕೊಳ್ಳುತ್ತಾನೆ. ಅವನನ್ನು ಮುಂದೆ ಬಾಮೈದ ಎಂದು ಬರೆಸಿದ್ದೇನೆ. ಹನ್ನೊಂದು ವರ್ಷದಿಂದ ನನ್ನ ಜೊತೆಗಿದ್ದಾನೆ. ಕಂಪ್ಯೂಟರಿನ ಪಾಸ್‌ವರ್ಡ್ ನಮ್ಮಿಬ್ಬರನ್ನು ಬಿಟ್ಟು ಮೂರನೆಯವರಿಗೆ ಗೊತ್ತಿಲ್ಲ.

ನನಗೆ ನಾಲ್ವರು ನಟಿಯರೆಂದರೆ ಪ್ರಾಣ. ಇದು ಪ್ರಕರಣಕ್ಕೆ ಬೇಡ ಎಂದು ಹೇಳಿಕೆ ಬರೆದುಕೊಳ್ಳುತ್ತಿರುವ ರೈಟರ್ ಹೇಳಿದರು. ಬೇಕು ಎಂದು ಹೇಳಿ ಬರೆಸಿದ್ದೇನೆ. ಮೊದಲನೆಯವರು ಸಿನಿಮಾಗಳಲ್ಲಿ ನರ್ಸ್ ಆಗಿ ಬರುತ್ತಿದ್ದವರು. ಚಿಕ್ಕವನಿದ್ದಾಗ ಜ್ವರ ಬಂದರೆ ಅವರೇ ಬಂದು ಹಣೆ ಮುಟ್ಟಿ ನೋಡುತ್ತಾರೆಂದು ಕಾಯುತ್ತಿದ್ದೆ. ಎರಡನೆಯವರು ಕುಣಿತದವರು. ಮೂರನೆಯವರು ಟೀವಿ ಧಾರಾವಾಹಿಯೊಂದರಲ್ಲಿ ವಕೀಲೆಯಾಗಿದ್ದರು. ಅದು ಬರುವ ಅರ್ಧ ಗಂಟೆ ಎಂಥ ಗಿರಾಕಿ ಬಂದರೂ ನಾನು ಸ್ಟುಡಿಯೊ ಬಾಗಿಲು ತೆರೆಯುತ್ತಿರಲಿಲ್ಲ. ನಾಲ್ಕನೆಯವರನ್ನು ಜನ ಪ್ರೀತಿಯಿಂದ ಸಿಡುಕಿ ಎಂದು ಕರೆಯುತ್ತಿದ್ದರು. ಈ ದೂರು ಅವರಿಗೆ ಸಂಬಂಧಿಸಿದ್ದು.

ಬೇರೆ ನಟಿಯರು ಅಳುವ ಕಡೆಯಲ್ಲಿ ಇವರು ಸಿಟ್ಟಾಗುತ್ತಿದ್ದರು. ಒಂದು ಚಿತ್ರದಲ್ಲಿ ಮೇಲಧಿಕಾರಿಯ ಮೇಜಿನ ಮೇಲಿದ್ದ ಕಡತಗಳನ್ನೆಲ್ಲ ಒಂದೇ ಕೈಯಲ್ಲಿ ಗುಡಿಸಿ ನೆಲಕ್ಕೆ ಹಾಕಿದರು. ಆ ಚಿತ್ರವನ್ನು ನಾನು ಹದಿನಾರನೇ ವಯಸ್ಸಿನಲ್ಲಿ ಹದಿನಾಲ್ಕು ಸಲ ನೋಡಿದೆ. ನಮ್ಮ ಮನೆಯಲ್ಲಿ ಸಿಟ್ಟು ತಂದೆಯವರೊಬ್ಬರಿಗೇ ಬರುತ್ತಿತ್ತು. ನಮ್ಮ ತಾಯಿ ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ಆ ನಟಿಗೆ ಈಗ 62 ವರ್ಷ. ಸಂಜೆ ಏಳೂವರೆಯ ಧಾರಾವಾಹಿಯಲ್ಲಿ ಅತ್ತೆಯ ಪಾತ್ರ ಮಾಡುತ್ತಾರೆ. ಈಗಲೂ ಅವರ ಹಾಗೆ ಬಾಗಿಲು ಬಡಿಯುವವರು ಇನ್ನೊಬ್ಬರಿಲ್ಲ.

ಸುಮಾರು 22 ವರ್ಷಗಳ ಹಿಂದೆ, ಮುಚ್ಚಿಹೋದ ಚಿತ್ರಮಂದಿರವೊಂದರ ಬುಕಿಂಗ್ ಕ್ಲರ್ಕ್ ನನಗೆ ಇವರದೊಂದು ನೆಗೆಟಿವ್ ಕೊಟ್ಟರು. ನಾನು ಅದರಿಂದ ದೊಡ್ಡ ಪ್ರಿಂಟ್ ಮಾಡಿ ಹನ್ನೊಂದು ದಿನ ಕೂತು ಬಣ್ಣ ಹಾಕಿದೆ. ಹನ್ನೊಂದನೇ ದಿನ ತಪ್ಪು ಗೊತ್ತಾಯಿತು. ನೆಗೆಟಿವಿಗೆ ಮಂಕು ಮೈ ಮತ್ತು ಹೊಳಪು ಮೈ ಎಂದು ಎರಡಿರುತ್ತವೆ. ಖುಷಿಯ ಭರದಲ್ಲಿ ಅದನ್ನು ತಿರುವುಮುರುವಾಗಿ ಇಟ್ಟಿದ್ದೆ. ಅವರ ಎಡಗೆನ್ನೆಯಲ್ಲಿ ತುಟಿಯ ಪಕ್ಕ ಇರುವ ಮಚ್ಚೆ ಚಿತ್ರದಲ್ಲಿ ಬಲಗಡೆ ಬಂದಿತ್ತು. ಹನ್ನೊಂದು ದಿನದ ಕೆಲಸ ಹಾಳುಮಾಡಲು ಮನಸ್ಸು ಬರಲಿಲ್ಲ. ಬಲಗಡೆಯ ಮಚ್ಚೆಯನ್ನು ಬ್ಲೇಡಿನಿಂದ ಕೆರೆದು ತೆಗೆದು, ಎಡಗಡೆ ಬ್ರಷ್ಷಿನಲ್ಲಿ ಒಂದು ಮಚ್ಚೆ ಇಟ್ಟೆ. ಅದು ಒಂದೂವರೆ ಬೆರಳು ಮೇಲೆ, ಎಡಗಣ್ಣಿನ ಕೆಳಗೆ ಹೋಯಿತು. ಅದರ ಒಂದು ಪ್ರತಿಯನ್ನು ಅವರ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದೆ. ಎಂಟನೇ ದಿನ ಅವರ ಕಾರ್ಡು ಬಂತು. ಅದರಲ್ಲಿ, ಬಣ್ಣ ಚೆನ್ನಾಗಿದೆ, ಮಚ್ಚೆ ಮೇಲೆ ಹತ್ತಿದೆ, ನಾನಿನ್ನೂ ಬದುಕಿದ್ದೇನೆ, ಒಮ್ಮೆ ನೋಡಿಕೊಂಡು ಇಡಬಹುದಿತ್ತು ಎಂದು ಬರೆದಿದ್ದರು. ಕಾರ್ಡನ್ನು ಈ ಹೇಳಿಕೆಯೊಂದಿಗೆ ಹಾಜರುಪಡಿಸಿದ್ದೇನೆ. ಆ ತಪ್ಪನ್ನು ನಾನು ಆಮೇಲೂ ತಿದ್ದಲಿಲ್ಲ. ಆ ತಪ್ಪಿನಿಂದಲೇ ಅವರು ನನಗೆ ಬರೆದದ್ದು. ಒಂಬತ್ತು ವರ್ಷದ ಹಿಂದೆ ಚಿತ್ರವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ 'ಮೆಚ್ಚಿನವರು' ಎಂಬ ಫೋಲ್ಡರಿಗೆ ಹಾಕಿದೆ. ನಾಲ್ವರದೂ ಸೇರಿ ಅದರಲ್ಲಿ 212 ಚಿತ್ರಗಳಿವೆ. ಅವರಿಗೆ ಕಳಿಸಿದ ಆ ಒಂದು ಪ್ರತಿ ಬಿಟ್ಟರೆ ನಾನು ಯಾರಿಗೂ ಒಂದನ್ನೂ ಕೊಟ್ಟಿಲ್ಲ.

ಇದೇ ತಿಂಗಳ 11ನೇ ತಾರೀಖು ಸೋಮವಾರ ಬೆಳಿಗ್ಗೆ 10.40ಕ್ಕೆ ನನ್ನ ಸ್ಟುಡಿಯೊದಿಂದ ಹನ್ನೆರಡು ಅಡಿ ದೂರದ ಕ್ಷೌರದಂಗಡಿಗೆ ಹೋದೆ. ಅಲ್ಲಿ ಅಂಗಡಿಯವನೂ ಮೂವರು ಗಿರಾಕಿಗಳೂ ಒಂದು ಮೊಬೈಲಿನ ಸುತ್ತ ತಲೆ ಕೂಡಿಸಿ ನಗುತ್ತಿದ್ದರು. ನನ್ನನ್ನು ಕಂಡು ಅಂಗಡಿಯವನು, "ಬನ್ನಿ ಮಾಸ್ತರ್ರೇ, ನಿಮ್ಮ ಸಿಡುಕಿ ಈ ವಯಸ್ಸಲ್ಲಿ ಏನ್ ಮಾಡ್ಕೊಂಡವ್ಳೆ ನೋಡಿ" ಎಂದು ಮೊಬೈಲ್ ಮುಂದೆ ಹಿಡಿದ. ಅದರಲ್ಲಿದ್ದದ್ದನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲ. ಮುಖ ಅವರದು, ಮೈ ಇನ್ಯಾರದೋ. ಅಂಥವು ಆರು ಚಿತ್ರ ಇದ್ದವು. ಆರರಲ್ಲೂ ಮಚ್ಚೆ ಎಡಗಣ್ಣಿನ ಕೆಳಗಿತ್ತು.

ಲೋಕದಲ್ಲಿ ಅವರ ಸಾವಿರ ಫೋಟೊ ಇರಬಹುದು. ಮಚ್ಚೆ ಆ ಜಾಗದಲ್ಲಿರುವ ಫೋಟೊ ಒಂದೇ. ಅದು ನನ್ನ ಕೈಯ ಕೆಲಸ. ಆ ಮೊಬೈಲನ್ನು ಕ್ಷೌರದ ನೀರಿನ ಮಗ್ಗಿನಲ್ಲಿ ಮುಳುಗಿಸಿದ್ದು ನಿಜ. ಅದಕ್ಕೆ ಅವನು ಬೇರೆ ದೂರು ಕೊಡುವುದಾದರೆ ಧಾರಾಳವಾಗಿ ಕೊಡಲಿ. ಅದೇ ಚಿತ್ರಗಳು ಗೋಡೆ ಪಕ್ಕ ಕೂತಿದ್ದ ಗಿರಾಕಿಯ ಮೊಬೈಲಿನಲ್ಲೂ ಇದ್ದು, ಸಾಕ್ಷ್ಯಕ್ಕೆ ಅದನ್ನು ಪಡೆಯಬಹುದು. ಅವನು ಬಡಗಿ, ಸ್ಟುಡಿಯೊದ ಎದುರು ಸಾಲಿನಲ್ಲೇ ಇದ್ದಾನೆ.

ಬಾಮೈದ ಶಾಲೆಯೊಂದರ ಗ್ರೂಪ್ ಫೋಟೊ ತೆಗೆಯಲು ಹೋಗಿದ್ದ. ಮಧ್ಯಾಹ್ನ 2.15ಕ್ಕೆ ಬಂದ. ಆಗ ನಾನು ಪಾಸ್‌ಪೋರ್ಟ್ ಫೋಟೊ ಕತ್ತರಿಸುವ ಕಟ್ಟರಿನ ಮುಂದೆ ನಿಂತಿದ್ದೆ. ಫೋಲ್ಡರನ್ನು ಯಾರಿಗೆ ಕೊಟ್ಟೆ ಎಂದು ಕೇಳಿದೆ. ಯಾರಿಗೂ ಕೊಟ್ಟಿಲ್ಲ ಎಂದ. ಮಚ್ಚೆಯ ವಿಷಯ ಹೇಳಿದೆ. ಕ್ಯಾಮರಾ ಚೀಲ ಕೆಳಗಿಟ್ಟು ತಾನೇ ಮಾಡಿದ್ದಾಗಿ ಒಪ್ಪಿಕೊಂಡ. ಹಳೆಯ ನಟಿಯರ ಅಭಿಮಾನಿಗಳದೊಂದು ಗುಂಪು ಮೊಬೈಲಿನಲ್ಲಿದೆಯಂತೆ, ಮೂರು ಸಾವಿರಕ್ಕೂ ಹೆಚ್ಚು ಜನರಂತೆ, ಇವನೇ ಅದರ ಮುಖ್ಯಸ್ಥನಂತೆ. ಮೊದಮೊದಲು ನನ್ನ ಚಿತ್ರಗಳನ್ನು ಇದ್ದ ಹಾಗೇ ಹಾಕಿ ಭೇಷ್ ಎನ್ನಿಸಿಕೊಂಡನಂತೆ. ಆಮೇಲೆ ಯಾರೋ ಬೇರೆ ಥರದ್ದು ಕೇಳಿದರಂತೆ. ಕಂಪ್ಯೂಟರಿನಲ್ಲಿ ಹತ್ತು ನಿಮಿಷದ ಕೆಲಸವಂತೆ.

ಅವನು ಆಡಿದ ಮಾತನ್ನು ಆಡಿದ ಹಾಗೇ ಬರೆಯಬೇಕೆಂದು ರೈಟರನ್ನು ಕೇಳಿಕೊಂಡಿದ್ದೇನೆ. "ಭಾವ, ಇಷ್ಟಕ್ಕೆಲ್ಲ ಯಾಕೆ ಹಾರಾಡ್ತೀರ? ನೀವೂ ಆಯಮ್ಮನ ಮುಖ ಇಟ್ಕೊಂಡು ಹನ್ನೊಂದು ದಿನ ಸವರಿದೋರೇ ತಾನೇ? ನೀವು ಬ್ರಷ್ಷಲ್ಲಿ ಮಾಡಿದ್ರಿ, ನಾನು ಮೌಸಲ್ಲಿ ಮಾಡ್ದೆ. ಯಾರಾದ್ರೂ ಸತ್ತೋದ್ರಾ?"

ಕಟ್ಟರಿನ ಹಿಡಿ ನನ್ನ ಕೈಯಲ್ಲೇ ಇತ್ತು. ಬಿಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಗಲಾಟೆ ಕೇಳಿ ನನ್ನ ಹೆಂಡತಿ ಮೇಲಿನಿಂದ ಇಳಿದು ಬಂದಳು. ವಿಷಯ ತಿಳಿದು ತಮ್ಮನಿಗೆ ಎರಡು ಬಿಟ್ಟಳು, ಅವನೂ ತಲೆ ತಗ್ಗಿಸಿ ತಿಂದ. ನಾನು ಪೊಲೀಸರಿಗೆ ದೂರು ಕೊಡುತ್ತೇನೆ ಎಂದಾಗ ಮಾತ್ರ ಅವಳು ದಾರಿಗೆ ಅಡ್ಡ ನಿಂತಳು. "ರೀ, ನಾನು ಹೊಡೆದಾಯ್ತಲ್ಲ, ಅವ್ನು ಅಳಿಸಿ ಹಾಕ್ತಾನೆ ಬಿಡಿ. ಅವನಿಗೂ ಹೆಂಡತಿ ಮಕ್ಕಳು ಇದಾರೆ. ನಿಮ್ಮ ಸಿನಿಮಾದೋಳಿಗೋಸ್ಕರ ನನ್ನ ತಮ್ಮನ್ನ ಜೈಲಿಗೆ ಹಾಕಿಸ್ತೀರಾ?" ಎಂದಳು. ಅಂದಿನಿಂದ ಈ ಹೊತ್ತಿನವರೆಗೆ ಅವಳು ನನ್ನೊಂದಿಗೆ ಮಾತಾಡಿಲ್ಲ. ಊಟ ಬಡಿಸಿಟ್ಟು ಬೆನ್ನು ತಿರುಗಿಸಿ ಕೂರುತ್ತಾಳೆ. ಅವಳ ಮೇಲೆ ನನಗೆ ಸಿಟ್ಟಿಲ್ಲ.

12ನೇ ತಾರೀಖು ಮಂಗಳವಾರ ಬೆಳಿಗ್ಗೆ 10.30ಕ್ಕೆ ಇದೇ ಠಾಣೆಗೆ ಬಂದಿದ್ದೆ. ಆಗ ಇಲ್ಲಿ ಕೂತಿದ್ದ ಪೇದೆ, ಮೀಸೆ ಇಲ್ಲದವರು, ನನ್ನ ಮಾತು ಅರ್ಧ ಕೇಳಿ ನಕ್ಕರು. ಚಿತ್ರ ತೋರಿಸಿ ಎಂದರು. ತೋರಿಸುವುದಿಲ್ಲ ಎಂದೆ. ನೋಡದೆ ತನಿಖೆ ಹೇಗೆ ಮಾಡುವುದು ಮಾಸ್ತರ್ರೇ ಎಂದು ಪಕ್ಕದವರಿಗೆ ಕಣ್ಣು ಹೊಡೆದರು. ಕೊನೆಗೆ, ತೊಂದರೆಯಾದವರು ಬಂದು ಹೇಳಲಿ, ಊರವರೆಲ್ಲ ನಟಿಯರ ಪರವಾಗಿ ಬಂದರೆ ನಾವು ಬೇರೆ ಕೆಲಸ ಮಾಡುವುದು ಬೇಡವೇ ಎಂದು ಕಳಿಸಿದರು. ಇದನ್ನು ಬರೆಯಲು ರೈಟರ್ ಹಿಂದೆಮುಂದೆ ನೋಡಿದರು. ಬರೆಯದಿದ್ದರೆ ಸಹಿ ಹಾಕುವುದಿಲ್ಲ ಎಂದಿದ್ದೇನೆ.

13ನೇ ತಾರೀಖು ಬುಧವಾರ ಬೆಳಿಗ್ಗೆ 6.10ರ ಬಸ್ಸು ಹತ್ತಿ 46 ಕಿಲೊಮೀಟರ್ ದೂರದಲ್ಲಿ ಧಾರಾವಾಹಿಯ ಶೂಟಿಂಗ್ ನಡೆಯುವ ಬಂಗಲೆಗೆ 7.50ಕ್ಕೆ ತಲುಪಿದೆ. ಗೇಟಿನವನು ಒಳಗೆ ಬಿಡಲಿಲ್ಲ. ಜನರೇಟರ್ ಲಾರಿಯ ಪಕ್ಕ ನಿಂತಿದ್ದೆ. 1.20ಕ್ಕೆ ಊಟದ ವಿರಾಮದಲ್ಲಿ ಅವರ ಮೇಕಪ್ ಹೆಂಗಸು ಹೊರಗೆ ಬಂದಾಗ ಆ ಹಳೆಯ ಕಾರ್ಡನ್ನು ಕೊಟ್ಟು ಕಳಿಸಿದೆ. ಐದು ನಿಮಿಷದಲ್ಲಿ ಕರೆ ಬಂತು.

ಅವರು ಬಂಗಲೆಯ ಹಿಂದಿನ ಒಂದು ಸಣ್ಣ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಕಾಲು ಊದಿದ್ದರಿಂದ ಇನ್ನೊಂದು ಕುರ್ಚಿಯ ಮೇಲೆ ಚಾಚಿದ್ದರು. ನಲವತ್ತೊಂದು ವರ್ಷ ನೋಡಿದ ಮುಖ ಮೂರು ಅಡಿ ದೂರದಲ್ಲಿತ್ತು. ನಾನು ನಮಸ್ಕಾರ ಮಾಡಿ, ಆ ಚಿತ್ರಗಳ ಮುಖ ನನ್ನ ಸ್ಟುಡಿಯೊದಿಂದ ಹೋದದ್ದೆಂದೂ, ಮಾಡಿದವನು ನನ್ನ ಬಾಮೈದನೆಂದೂ, ದೂರು ಕೊಡಲು ಅವರ ಕಾಗದ ಬೇಕೆಂದೂ ಹೇಳಿದೆ.

ಚಿತ್ರಗಳ ವಿಷಯ ಅವರಿಗೆ ಆಗಲೇ ಗೊತ್ತಿತ್ತು. ಅವರ ಮೊಮ್ಮಗಳು ಶಾಲೆಯಿಂದ ಬಂದು, "ಅಜ್ಜಿ, ಇದು ನೀನಾ?" ಎಂದು ಕೇಳಿದಳಂತೆ. ಮಗ ಒಂದು ವಾರದಿಂದ ಮಗುವನ್ನು ಅವರ ಮನೆಗೆ ಕಳಿಸುತ್ತಿಲ್ಲವಂತೆ. ಇದನ್ನು ಅವರು ಗೋಡೆ ನೋಡಿಕೊಂಡು ಹೇಳಿದರು.

ಆಮೇಲೆ ನನ್ನ ಕಡೆ ತಿರುಗಿದರು. ಪರದೆಯ ಮೇಲೆ ನಾನು ನೋಡುತ್ತಿದ್ದ ಸಿಟ್ಟಿಗೂ ಅದಕ್ಕೂ ಸಂಬಂಧವಿರಲಿಲ್ಲ. ದನಿ ಏರಲಿಲ್ಲ, ಕೈ ಆಡಲಿಲ್ಲ. "ಅವನು ಮಾಡಿದ್ದು ಗೊತ್ತಾಯ್ತು. ನನ್ನ ಮುಖ ನಿಮ್ಮ ಮನೇಲಿ ಯಾಕಿತ್ತು?" ಎಂದು ಕೇಳಿದರು.

ಅಭಿಮಾನ ಎಂದೆ.

"ಇದನ್ನ ಹಂಚ್ಕೊಂಡು ನೋಡ್ತಿರೋರೂ ಅದನ್ನೇ ಅಂತಾರೆ" ಎಂದರು.

ಅವರಿಗೆ ಹೇಳಬೇಕೆಂದು ನಾನು ವರ್ಷಗಟ್ಟಲೆ ಜೋಡಿಸಿಟ್ಟುಕೊಂಡಿದ್ದ ಮಾತುಗಳು ಬೇಕಾದಷ್ಟಿದ್ದವು. ಕಡತ ಗುಡಿಸಿದ ದೃಶ್ಯದ ಬಗ್ಗೆ, ನಮ್ಮ ತಾಯಿಯ ಬಗ್ಗೆ ಹೇಳಬೇಕೆಂದಿದ್ದೆ. ಯಾವುದೂ ಅವರು ಕೇಳಿದ್ದಕ್ಕೆ ಉತ್ತರವಾಗುತ್ತಿರಲಿಲ್ಲ. ಅವರು ಸಂಭಾಷಣೆಯ ಹಾಳೆಯೊಂದರ ಹಿಂಬದಿಯಲ್ಲಿ ನಾಲ್ಕು ಸಾಲು ದೂರು ಬರೆದು, ತಾರೀಖು ಹಾಕಿ, ಸಹಿ ಮಾಡಿ, ನನ್ನ ಕಾರ್ಡಿನೊಂದಿಗೆ ಕೊಟ್ಟರು. ಮೇಕಪ್ ಹೆಂಗಸು ಬಾಗಿಲು ತೆರೆದಳು. ಸಮಯ 1.40. ಆ ಹಾಳೆಯನ್ನೂ ಹಾಜರುಪಡಿಸಿದ್ದೇನೆ.

ನನ್ನ ಕೋರಿಕೆ ಇಷ್ಟು. ಬಾಮೈದನ ಮೇಲೆ ಕಾನೂನಿನ ಪ್ರಕಾರ ಏನು ಕ್ರಮವೋ ಅದನ್ನು ಪೂರ್ತಿ ಕೈಗೊಳ್ಳಬೇಕು. ನಾನು ಅವನ ಭಾವನೆಂದು ಯಾರೂ ನನ್ನ ಮುಖ ನೋಡಿ ಅವನನ್ನು ಬಿಡಬಾರದು. ಗುಂಪಿನಲ್ಲಿ ಅವುಗಳನ್ನು ಮುಂದಕ್ಕೆ ಕಳಿಸಿದ ಒಬ್ಬೊಬ್ಬನನ್ನೂ ಹುಡುಕಬೇಕು, ಕ್ಷೌರದಂಗಡಿಯವನನ್ನೂ ಸೇರಿಸಿ. ಸ್ಟುಡಿಯೊದ ಕಂಪ್ಯೂಟರನ್ನು, ಮಹಡಿಯ ಕಬ್ಬಿಣದ ಬೀರುವಿನಲ್ಲಿರುವ ನಾಲ್ವರ ಪ್ರಿಂಟುಗಳನ್ನು, ಆ ನೆಗೆಟಿವನ್ನು ಈ ದಿನವೇ ವಶಕ್ಕೆ ತೆಗೆದುಕೊಳ್ಳಬೇಕು. ಪ್ರಕರಣ ಮುಗಿದ ಮೇಲೆ ವಸ್ತುಗಳನ್ನು ಹಿಂದಕ್ಕೆ ಪಡೆಯಬಹುದು ಎಂದು ರೈಟರ್ ತಿಳಿಸಿದರು. ಪಡೆಯುವುದಿಲ್ಲ. ನಾಶಪಡಿಸಲು ನನ್ನ ಒಪ್ಪಿಗೆ ಇದೆ.

ಮೇಲೆ ಬರೆದದ್ದನ್ನು ನನಗೆ ಎರಡು ಸಲ ಓದಿ ಹೇಳಲಾಗಿದೆ. ನಾನು ಹೇಳಿದ್ದೇ ಇದೆ, ಕಂಡದ್ದೇ ಇದೆ, ಯಾವುದನ್ನೂ ನಯಗೊಳಿಸಿಲ್ಲವೆಂದು ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಠಾಣೆ
ದಿನಾಂಕ: 14, ಗುರುವಾರ, ಸಂಜೆ 5.25
ಸಹಿ: ಟಚಿಂಗ್ ಮಾಸ್ತರ್

ತಿದ್ದುಪಡಿ: ಮೊದಲ ಪುಟದಲ್ಲಿ 'ನೊಂದವರಿಗೂ ದೂರುದಾರರಿಗೂ ಇರುವ ಸಂಬಂಧ' ಎಂಬ ಕಡೆ ನಾನು 'ಅಭಿಮಾನಿ' ಎಂದು ಬರೆದಿದ್ದೆ. ದೂರುದಾರರು ಪೆನ್ನು ಕೇಳಿ ಪಡೆದು ಅದನ್ನು ತಾವೇ ಹೊಡೆದುಹಾಕಿ, 'ಏನೂ ಇಲ್ಲ' ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿರುತ್ತಾರೆ. — ರೈಟರ್