ಮಾರ್ಥಾ ಅವರ ಕಾರ್ನಿವಲ್ ನೀರು

ಅಧ್ಯಕ್ಷರಾದ ಇಂದ್ರೇಶ್ ಅವರೇ, ಸನ್ಮಾನದ ಶಾಲು ಹೊದ್ದು ಕೂತಿರುವ ಮಾರ್ಥಾ ಅವರೇ, ಹೋಳಿಗೆಯ ಘಮ ಮೂಗಿಗೆ ಬಡಿದರೂ ಅಲುಗದೆ ಕುಳಿತಿರುವ ಮೆಲ್ಬರ್ನಿನ ಸಹನಾಮೂರ್ತಿ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಮೂವತ್ತು ವರ್ಷ ನೀರು ಸರಬರಾಜಿನ ಎಂಜಿನಿಯರ್ ಆಗಿದ್ದ ಈ ಶ್ರೀಪತಿಗೆ ಅಳತೆ ಮೀರಿ ಅಭ್ಯಾಸವಿಲ್ಲ. ಸಂಯುಕ್ತಾ, ನಾನು ಹೇಳುವುದನ್ನೆಲ್ಲ ಮಾರ್ಥಾ ಅವರ ಕಿವಿಯಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಾ ಇರಮ್ಮ, ಒಂದನ್ನೂ ಬಿಡಬೇಡ.

ಹನ್ನೊಂದು ವರ್ಷ ಈ ಕ್ಲೇಟನ್ ಹಾಲ್‌ನ ಬೀಗ ತೆಗೆದು ನಮ್ಮ ಯುಗಾದಿ, ರಾಜ್ಯೋತ್ಸವ ನಡೆಸಿಕೊಟ್ಟವರು ಇವರು. ನಮ್ಮ ಪಕ್ಕದ ಮನೆಯವರೂ ಹೌದು. ಬರುವ ಮಂಗಳವಾರ ತಮ್ಮ ದೇಶ ಎಕ್ವಡೋರ್‌ಗೆ ಹೊರಟಿದ್ದಾರೆ. ಇನ್ನು ವಾಪಸ್ ಬರುವುದಿಲ್ಲ.

ನಮ್ಮ ಹಬ್ಬ ಇವರು ಮಾಡಿಸಿದರು. ಇವರ ಹಬ್ಬ ಯಾವುದೆಂದು ನಾವು ಯಾರಾದರೂ ಕೇಳಿದೆವೇ? ನನ್ನ ಹೆಂಡತಿ ಜಲಜಾ ಕೇಳಿದಳು. ಕಾರ್ನಿವಲ್! ಅವರ ನಲವತ್ತು ದಿನದ ಉಪವಾಸಕ್ಕೆ ಮುಂಚಿನ ಸೋಮವಾರ, ಮಂಗಳವಾರ ದೇಶಕ್ಕೇ ರಜೆಯಂತೆ. ಮಹಡಿಯಿಂದ ಬಕೆಟ್‌ಗಟ್ಟಲೆ ನೀರು, ಮುಖಕ್ಕೆ ಮೈದಾಹಿಟ್ಟು. ಗಿಟಾರ್ ಹಿಡಿದು ಮನೆಮನೆಗೆ ಹಾಡುತ್ತ ಹೋದವರನ್ನು ಉಣ್ಣಿಸದೆ ಯಾರೂ ಕಳಿಸುವುದಿಲ್ಲವಂತೆ. ಜಲಜಾ ಬಾಗಲಕೋಟೆಯವಳು. ಬ್ಯಾರೆಲ್‌ಗಳಲ್ಲಿ ಬಣ್ಣ ತುಂಬಿದ ಬಂಡಿಗಳನ್ನು, ಹಲಗೆಯ ಬಡಿತವನ್ನು ಕಂಡು ಬೆಳೆದವಳು. "ನಮ್ಮೂರ ಹೋಳಿ ಹುಣ್ಣಿವಿನೇ ಆತಲ್ರೀ ಇದು!" ಎಂದು ಕಣ್ಣೊರೆಸಿಕೊಂಡಳು. ಅಂದಿನಿಂದ ಪ್ರತಿ ವರ್ಷ ಇಬ್ಬರೂ ಹಿತ್ತಿಲಲ್ಲಿ ನೀರಾಡಿದರು. ಅದೇನು ನಗು, ಅದೇನು ಕೂಗು! ನಾನು ಮೈಸೂರಿನವನು, ಮರ್ಯಾದಸ್ಥ, ಕಿಟಕಿಯಲ್ಲೇ ನಿಂತು ನೋಡಿದೆ. ಅಯ್ಯೋ, ಒಂದು ಸಲವಾದರೂ ಇಳಿಯಬೇಕಿತ್ತು.

ಹೋದ ವರ್ಷ, ಎರಡು ಸಾವಿರದ ಏಳರಲ್ಲಿ, ಇಲ್ಲಿ ನೀರಿಗೆ ಎಂಥ ಬರ ನೆನಪಿದೆಯಲ್ಲ? ಹುಲ್ಲಿಗೆ ಒಂದು ಹನಿ ಬಿಡುವಂತಿರಲಿಲ್ಲ. ಅಂಥದ್ದರಲ್ಲಿ ಇವರು ಬಕೆಟ್ ಎತ್ತಿದಾಗ ಯಾರೋ ನೀರಿನ ಕಂಪನಿಗೆ ಫೋನ್ ಮಾಡಿದರು. ಅಧಿಕಾರಿ ಬಂದ. ನೋಡಿದರೆ, ಅದು ಇಬ್ಬರೂ ವಾರವಿಡೀ ಶವರ್ ಕೆಳಗೆ ಬಕೆಟ್ ಇಟ್ಟು, ಅಕ್ಕಿ ತೊಳೆದದ್ದನ್ನೂ ಸೇರಿಸಿ ಕೂಡಿಟ್ಟ ನೀರು. ತಪ್ಪೇನಿಲ್ಲವೆಂದು ಹೇಳಿ ಹೋದ. ಆದರೆ ಅಧಿಕಾರಿ ಬಂದದ್ದನ್ನು ಬೀದಿಯೆಲ್ಲ ನೋಡಿತ್ತು. ಈ ಫೆಬ್ರವರಿಯಲ್ಲಿ ಹಬ್ಬ ಬಂದಾಗ ಮಾರ್ಥಾ ಬಾಗಿಲು ತೆಗೆಯಲೇ ಇಲ್ಲ. ಇಲ್ಲಿನ ಕೊನೆಯ ಕಾರ್ನಿವಲ್ ಅವರಿಗೆ ಒಣಗಿಯೇ ಹೋಯಿತು.

"ಎದುರುಮನಿ ಮುದುಕಂದೇ ಕೆಲಸ" ಎಂದು ಜಲಜಾ ಎದುರುಮನೆಯವರೊಡನೆ ಮಾತು ಬಿಟ್ಟಳು. ಪಾಪ, ಆ ಮುದುಕರಿಗೆ ಏನೂ ಗೊತ್ತಿಲ್ಲ.

ಸಭಿಕರೇ, ಫೋನ್ ಮಾಡಿದವನು ನಾನು.

ಯಾಕೆ ನಿಲ್ಲಿಸಿದೆ ಸಂಯುಕ್ತಾ? ಇದನ್ನೂ ಹೇಳಮ್ಮ. ನನ್ನದೇ ಮನೆಯ ಬಕೆಟ್ ಎಲ್ಲಿಂದ ತುಂಬಿತೆಂದು ಹೆಂಡತಿಯನ್ನು ಕೇಳದೆ, ರೂಲ್ಸ್ ಅಂದರೆ ರೂಲ್ಸ್ ಎಂದು ಫೋನ್ ಎತ್ತಿದ ಘನಂದಾರಿ ಎಂಜಿನಿಯರ್ ನಾನೇ. ವರ್ಷವಿಡೀ ಬಾಯಿ ಬಿಡಲಿಲ್ಲ, ಹೆದರಿದ್ದೆ. ಮಾರ್ಥಾ ಅವರೇ, ತಪ್ಪಾಯಿತು. ನಿಮ್ಮ ಹಬ್ಬ ಕೆಡಿಸಿಬಿಟ್ಟೆ.

ಜಲಜಾ, ಎದ್ದು ಹೋಗಬೇಡ ಕಣೇ. ಹೋಗಲೇಬೇಕೆಂದರೆ ಮಾರ್ಥಾ ಅವರನ್ನೂ ಕರೆದುಕೊಂಡು ಹೋಗು. ವಾರದಿಂದ ನಾನು ಸ್ನಾನದ ನೀರು ಕೂಡಿಟ್ಟ ಎರಡು ಬಕೆಟ್, ಮುಚ್ಚಳ ಬಿಗಿದು ಕಾರಿನ ಡಿಕ್ಕಿಯಲ್ಲಿಟ್ಟಿದ್ದೇನೆ. ನಿನಗೊಂದು, ಅವರಿಗೊಂದು. ನಾನು ಹೊರಗೆ ಬಂದು ನಿಮ್ಮಿಬ್ಬರ ಮುಂದೆ ನಿಲ್ಲುತ್ತೇನೆ.

ಕೇಳಿಸಿಕೊಂಡ ನಿಮಗೆಲ್ಲ ಧನ್ಯವಾದ. ನಮಸ್ಕಾರ.