ಅಕ್ತರ್ ಸಾಬರ ಟೆಸ್ಟ್ ಲ್ಯಾಂಪು

ಹಲಸೂರಿನ ಆಲದಮರದ ಪಕ್ಕ ಒಂದು ಹಾಳುಬಾವಿ ಇತ್ತು. ನಲವತ್ನಾಲ್ಕನೇ ಇಸವಿಯಲ್ಲಿ ಒಂದು ರಾತ್ರಿ, ಹನ್ನೊಂದರ ಹೊತ್ತಿಗೆ, ನನ್ನ ಚಿಕ್ಕಪ್ಪನ ಮಗ ಅಂಜನಮೂರ್ತಿ ಅದರ ಪಕ್ಕದಲ್ಲಿ ಓಡುತ್ತಿದ್ದ. ಅವನು ವೈರ್‌ಮನ್. ಮನೆಯಿಂದ ಸಾಮಾನಿನ ಚೀಲ ತೆಗೆದುಕೊಂಡು ಆಸ್ಪತ್ರೆಗೆ ವಾಪಸ್ ಬರುತ್ತಿದ್ದ.

ಆಸ್ಪತ್ರೆಯಲ್ಲಿ ಅವನ ತಂಗಿ ಮುನಿಲಕ್ಷ್ಮಮ್ಮನಿಗೆ ಎರಡು ದಿನದಿಂದ ಹೆರಿಗೆ ನೋವು. ಮಗು ಅಡ್ಡ ತಿರುಗಿತ್ತು. ಹೊಟ್ಟೆ ಕುಯ್ಯಬೇಕು ಅನ್ನುವಾಗಲೇ ದೀಪಗಳೆಲ್ಲ ಆರಿಹೋದವು. ಡಾಕ್ಟರಮ್ಮ, "ಲಾಟೀನಲ್ಲಿ ನನ್ನ ಕೈಲಾಗಲ್ಲ. ಅರ್ಧ ಗಂಟೆ ಕಾಯ್ಬೋದು... ಅಷ್ಟೇ," ಅಂದಿದ್ದರು.

ಬಾವಿ ದಾಟುವಾಗ ಚೀಲದೊಳಗೆ ಸದ್ದಾಯಿತು. ಟಕ್... ಕಬ್ಬಿಣ ಕಬ್ಬಿಣವನ್ನು ಕಚ್ಚುವ ಸದ್ದು.

ಚೀಲದಲ್ಲಿದ್ದದ್ದು ಅವನ ಗುರು ಅಕ್ತರ್ ಸಾಬರ ಟೆಸ್ಟ್ ಲ್ಯಾಂಪು. ಒಂದು ಬಲ್ಬು, ಎರಡು ತಂತಿ, ತಂತಿಗಳ ತುದಿಗೆ ಗುಜರಿಯಲ್ಲಿ ಸಿಕ್ಕ ಎರಡು ಅಯಸ್ಕಾಂತ. ಫ್ಯೂಜಿನ ಪೆಟ್ಟಿಗೆಯ ಕಬ್ಬಿಣದ ತಿರುಪುಗಳಿಗೆ ಅಂಟಿಸಿ ದೂರ ನಿಂತರೆ ಸಾಕು. ಕರೆಂಟಿದ್ದರೆ ಬಲ್ಬು ಉರಿಯುತ್ತದೆ. "ಮೊದ್ಲು ಮೈನು ಸ್ವಿಚ್ಚು ಇಳಿಸು ಬೇಟಾ. ತಿರುಪು ಹೊಳೆಯೋ ಹಂಗೆ ಕೆರಿ. ಒಂದು ಕೈ ಬೆನ್ನ ಹಿಂದೆ ಇಟ್ಕೊಂಡು ಅಂಟ್ಸು," ಅನ್ನುತ್ತಿದ್ದರು. ಒಂದೇ ಒಂದು ದಿನ ಅವರೇ ಕೆರೆಯದೆ ಅಂಟಿಸಿದರು. ಬಣ್ಣದ ಮೇಲೆ ಕೂತ ಅಯಸ್ಕಾಂತ ಬಲ್ಬನ್ನು ಉರಿಸಲಿಲ್ಲ. ಕರೆಂಟಿಲ್ಲ ಅಂದುಕೊಂಡು ಕೈಯಿಟ್ಟರು. ಅವರು ತೀರಿಹೋಗಿ ಆಗ ಮೂರು ತಿಂಗಳು.

ಅಂಜನಮೂರ್ತಿ ಚೀಲದೊಳಗೆ ಕೈಹಾಕಿದ. ಎರಡು ಅಯಸ್ಕಾಂತಗಳೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿಟ್ಟ ಹಾಗೇ ಇದ್ದವು...

ಆಸ್ಪತ್ರೆಯ ಹಿಂದಿನ ಗೋಡೆಯಲ್ಲಿ ಫ್ಯೂಜಿನ ಪೆಟ್ಟಿಗೆ. ತಂಗಿಯ ಅತ್ತೆ ಪಿಳ್ಳಮ್ಮ ಲಾಟೀನು ಹಿಡಿದಿದ್ದರು.

"ಬೇಗ ಕಣಪ್ಪಾ... ಆಗ್ಲಿಂದ ಅವ್ಳ ನರಳೋ ಸದ್ದೇ ಇಲ್ಲ."

ಮೈನು ಇಳಿಸಿದ. ಅಯಸ್ಕಾಂತಗಳನ್ನು ಅಂಟಿಸಿದ. ಟಕ್. ಟಕ್. ಬಲ್ಬು ಉರಿಯಲಿಲ್ಲ. ತಿರುಪು ಕೆರೆದಿರಲಿಲ್ಲ, ಅದು ಅವನಿಗೂ ಗೊತ್ತಿತ್ತು.

"ಸಾಕು, ಕರೆಂಟಿಲ್ಲ," ಅಂದ. ಬೆನ್ನ ಹಿಂದಿನ ಕೈಯನ್ನೂ ಮುಂದಕ್ಕೆ ತಂದ.

ಯಾರೋ ಆ ಕೈಯ ಮಣಿಕಟ್ಟು ಹಿಡಿದು ಬೆನ್ನ ಹಿಂದಕ್ಕೆ ಮಡಚಿದರು. ತಣ್ಣನೆಯ ಹಿಡಿತ... ಪಿಳ್ಳಮ್ಮ ನಾಲ್ಕು ಹೆಜ್ಜೆ ಆಚೆಗಿದ್ದರು.

ಟಕ್.

ಒಂದು ಅಯಸ್ಕಾಂತ ತನ್ನ ತಿರುಪು ಬಿಟ್ಟು, ಪೆಟ್ಟಿಗೆಯೊಳಗಿನ ಅದೇ ಕರೆಂಟಿನ ತಂತಿಯನ್ನು ಬಿಗಿದಿದ್ದ ಪಕ್ಕದ ತಿರುಪಿಗೆ ಹೋಗಿ ಕೂತಿತ್ತು. ಬಲ್ಬು ಭಗ್ಗನೆ ಉರಿಯಿತು.

"ನೀನೇನಪ್ಪಾ, ಕರೆಂಟಿಲ್ಲ ಅಂದ್ಯಲ್ಲ," ಅಂದರು ಪಿಳ್ಳಮ್ಮ.

ಮೈನಿನ ಹಿಡಿ ಮಾತ್ರ ಕೆಳಗಿಳಿದಿತ್ತು. ಒಳಗೆ ಮುರಿದು, ಕರೆಂಟು ಹರಿಯುತ್ತಲೇ ಇತ್ತು. ಅಂಜನಮೂರ್ತಿ ಸೀಲು ಒಡೆದು ಮೀಟರಿನ ಹತ್ತಿರ ಕರೆಂಟು ಕಡಿಯುವ ಪಿಂಗಾಣಿಯ ಕಟೌಟು ಕಿತ್ತ. ಬಲ್ಬು ಆರಿತು. ಫ್ಯೂಜಿನ ತಂತಿ ಕಟ್ಟಿ, ಕಟೌಟನ್ನು ಮತ್ತೆ ಸಿಕ್ಕಿಸಿದ. ದೀಪ ಬಂತು. ಬೆಳಗಿನ ಜಾವದ ಹೊತ್ತಿಗೆ ತಾಯಿ, ಮಗು ಇಬ್ಬರೂ ಉಳಿದರು.

ದೇವರ ದೀಪದ ಮುಂದೆ ಕೂತು ಹೇಳುತ್ತಿದ್ದೇನೆ, ಇದರಲ್ಲಿ ಒಂದು ಮಾತೂ ನಾನು ಸೇರಿಸಿದ್ದಲ್ಲ. ಮರುದಿನ ಮೈನು ರಿಪೇರಿಯಾಗುವಾಗ, ಕರೆಂಟು ಪೂರ್ತಿ ತೆಗೆದಿದ್ದ ಹೊತ್ತಿನಲ್ಲಿ, ಅಂಜನಮೂರ್ತಿ ನನ್ನನ್ನು ಕರೆದು ಆ ಪಕ್ಕದ ತಿರುಪು ತೋರಿಸಿದ. ಅದು ಹಿತ್ತಾಳೆಯದು.

ನಾನೇ ಅಯಸ್ಕಾಂತ ತೆಗೆದುಕೊಂಡು ಅದರ ಮೇಲಿಟ್ಟೆ. ಜಾರಿ ಬಿತ್ತು. ಮತ್ತೆ ಇಟ್ಟೆ... ಜಾರಿ ಬಿತ್ತು.