ನಿಲ್ಲುತ್ತೆ ಅಂದರೆ ಯಾವುದು?

ಡಾಕ್ಟರ ಕೋಣೆಯ ಹೊರಗೆ ಕಿವಿನೋವಿಗೆ ತೋರಿಸಲು ಕೂತಿದ್ದೆ. ಎಡಗಿವಿ ಮುಚ್ಚಿಹೋಗಿತ್ತು, ಬಲಗಿವಿ ಚುರುಕಾಗಿತ್ತು. ಬಲಕ್ಕೆ ಅತ್ತೆ ಸೊಸೆ. ಅತ್ತೆಯ ತೊಡೆಯ ಮೇಲೆ ಎಂಟು ತಿಂಗಳ ಕೂಸು. ಸೊಸೆಯ ಕೊರಳಲ್ಲಿ ತೆಗೆಯಲು ಮರೆತ ಅಳತೆ ಟೇಪು, ಕೈಯಲ್ಲಿ ಪ್ರಶ್ನೆಗಳ ಚೀಟಿ.

“ಮೂರು ತಿಂಗಳಿಗೊಂದು ಇಂಜೆಕ್ಷನ್ನಂತೆ ಅತ್ತೆ. ಆದರೆ ಕೆಲವರಿಗೆ ನಿಲ್ಲುತ್ತೆ ಅಂದರು ನರ್ಸಮ್ಮ.”

“ನಿಲ್ಲಬಾರದು ಅಂತ ತಾನೇ ಚುಚ್ಚಿಸಿಕೊಳ್ಳೋದು?”

“ಅಯ್ಯೋ, ಬಸಿರು ನಿಲ್ಲೋದಲ್ಲ. ಮುಟ್ಟು ನಿಲ್ಲೋದು.”

“ಎರಡೂ ಒಂದೇ ಅಲ್ವೇನೇ?”

“ಇದರಲ್ಲಿ ಒಂದೇ ಅಲ್ವಂತೆ. ಬಸಿರಿಲ್ಲದೇನೇ ನಿಲ್ಲಬಹುದಂತೆ.”

“ಹಾಗಾದರೆ ಒಳಗೆ ಏನೂ ಇಲ್ಲ ಅಂತ ಗೊತ್ತಾಗೋದು ಹೇಗೆ?”

“ತಡೀರಿ, ಅದನ್ನ ಬರಕೊಳ್ತೀನಿ.”

“ಆ ರಕ್ತವೆಲ್ಲ ಎಲ್ಲಿಗೆ ಹೋಗುತ್ತೆ ಅಂತಾನೂ ಬರಕೋ.”

ಸೊಸೆ ಬರೆದಳು.

“ಮುಂದೆ ಇನ್ನೊಂದು ಮಗು ಬೇಕು ಅನ್ನಿಸಿದರೆ?”

“ಇಂಜೆಕ್ಷನ್ ಬಿಟ್ಟ ಮೇಲೂ ವರ್ಷ ಹಿಡೀಬಹುದಂತೆ. ಅದನ್ನೂ ಕೇಳ್ತೀನಿ. ಈಗಂತೂ ಹೊಲಿಗೆ ಮೆಷಿನ್ನು ಬಿಟ್ಟೇಳೋಕೆ ನನ್ನ ಕೈಲಾಗಲ್ಲ. ನಿಮ್ಮ ಕಾಲದಲ್ಲಿ ಏನು ಮಾಡ್ತಿದ್ರಿ ಅತ್ತೆ?”

“ದಿನ ಎಣಿಸ್ತಿದ್ದೆ. ಎರಡು ದಿನ ತಡವಾದರೆ ಮತ್ತೆ ಬಸಿರೇನೋ ಅಂತ ಹೆದರಿಕೆ. ಎಣಿಸಿ ಎಣಿಸಿ ಆರು ಹೆತ್ತೆ.”

ಒಳಗಿಂದ ನರ್ಸು ಕರೆದಳು. ಸೊಸೆ ಎದ್ದಳು. ಅತ್ತೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಹಿಂದೆಯೇ ನಡೆದರು. ಬಾಗಿಲು ಮುಚ್ಚುವ ಮುನ್ನ ಬಲಗಿವಿಗೆ ಇಷ್ಟು ಬಿತ್ತು:

“ಚೀಟಿ ಆಮೇಲೆ ಓದುವೆಯಂತೆ. ಮೊದಲು ಆ ಹೆದರಿಕೆ ನಿಲ್ಲುತ್ತಾ ಕೇಳು.”